ಮೊಟ್ಟೆಗೆ ಮರಳು ಹುಡುಕುವ ಆಮೆ

ಕಡಲಾಮೆಯ ವಿಚಾರ ಮಾತಾಡಲು ಮಾರ್ಟಳ್ಳಿಯವನು ಮೈಕಿನ ಮುಂದೆ ಕೂತಿದ್ದಾನೆ ಎಂದರೆ ಕರಾವಳಿಯವರು ನಕ್ಕಾರು. ನಕ್ಕರೆ ತಪ್ಪೇನೂ ಇಲ್ಲ. ಹನೂರು ತಾಲ್ಲೂಕಿನ ನಮ್ಮೂರಿಗೆ ಹತ್ತಿರವಿರುವುದು ಮಲೆ ಮಹದೇಶ್ವರ ಬೆಟ್ಟದ ಸಾಲು, ಬೆಟ್ಟದಾಚೆ ಕಾವೇರಿ. ಕಡಲು ನೋಡಬೇಕಾದರೆ ಪಡುವಣಕ್ಕೆ ಹೋದರೂ ಮೂಡಣಕ್ಕೆ ಹೋದರೂ ಹಗಲೆಲ್ಲ ಬಸ್ಸಿನಲ್ಲಿ ಕೂರಬೇಕು. ಆದರೂ ಈ ಮಾತನ್ನು ನಮ್ಮ ಕಡೆಯವರೂ ಆಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಕಾರಣವಿದೆ. ಮೊದಲು ಆಮೆಯ ಕತೆ ಕೇಳಿ, ಕಾರಣ ಆಮೇಲೆ ತಾನಾಗಿಯೇ ಬರುತ್ತದೆ.

ಲೋಕದಲ್ಲಿ ಕಡಲಾಮೆಯ ಜಾತಿ ಏಳು. ನಮ್ಮ ದೇಶದ ಸುತ್ತಿನ ಕಡಲಲ್ಲಿ ಐದು ಓಡಾಡುತ್ತವೆ. ಕರ್ನಾಟಕದ ದಂಡೆಗೆ ಮೊಟ್ಟೆಯಿಡಲು ಬರುವುದು ಹೆಚ್ಚುಕಡಿಮೆ ಒಂದೇ ಜಾತಿ, ಆಲಿವ್ ರಿಡ್ಲಿ. ಚಿಪ್ಪು ಎರಡಡಿಗೆ ಸ್ವಲ್ಪ ಮೇಲೆ, ತೂಕ ನಲವತ್ತು ಕಿಲೊ ಆಸುಪಾಸು. ಗಂಡಾಮೆ ಮರಿಯಾಗಿ ನೀರಿಗಿಳಿದ ಮೇಲೆ ಸಾಮಾನ್ಯವಾಗಿ ಮತ್ತೆ ನೆಲ ಮುಟ್ಟುವುದಿಲ್ಲ. ಹೆಣ್ಣಿಗೆ ಮಾತ್ರ ಆ ಕಷ್ಟ ತಪ್ಪಿದ್ದಲ್ಲ. ಬದುಕೆಲ್ಲ ನೀರಿನಲ್ಲಿ ಕಳೆದರೂ ಅದರ ಮೊಟ್ಟೆಗೆ ಬೇಕಾದದ್ದು ನೆಲ, ಗಾಳಿ, ಬಿಸಿಲಿನ ಕಾವು. ನೀರಲ್ಲಿ ಮುಳುಗಿದ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಹೀಗಾಗಿ ಈಜಲು ಹುಟ್ಟಿದ ಪ್ರಾಣಿ ರಾತ್ರಿ ಹೊತ್ತು ದಡ ಹತ್ತಿ, ರೆಕ್ಕೆಯಂಥ ಕಾಲುಗಳಿಂದ ಮೈಯನ್ನು ಎಳೆದುಕೊಂಡು ಜಾಗ ಹುಡುಕುತ್ತದೆ. ಒಮ್ಮೆಗೆ ಇಡುವ ಮೊಟ್ಟೆ ನೂರು, ನೂರಿಪ್ಪತ್ತು. ಮುಚ್ಚಿ ಹೋದರೆ ಹೋಯಿತು, ತಿರುಗಿ ನೋಡುವುದಿಲ್ಲ. ಕಾವು ಕೊಡುವುದಿಲ್ಲ, ಮರಿಗೆ ಕಾವಲಿಲ್ಲ. ತಾಯಿಯಾಗಿ ಅದು ಮಾಡುವ ಕೆಲಸವೆಲ್ಲ ಜಾಗ ಆರಿಸುವುದರಲ್ಲೇ ಮುಗಿಯುತ್ತದೆ. ಅಲ್ಲಿ ಎಡವಿದರೆ ನೂರು ಮೊಟ್ಟೆಯೂ ಹೋದಂತೆ.

ಹಾಗಾದರೆ ಆರಿಸುವುದು ಹೇಗೆ?

ಮೊದಲಿನದು, ಯಾವ ಸೀಮೆಯ ದಂಡೆ ಎಂಬುದು. ತಾನು ಹುಟ್ಟಿದ ಕಡೆಗೇ ಆಮೆ ಮರಳುತ್ತದೆ ಎಂದು ಮೀನುಗಾರರು ಹಿಂದಿನಿಂದಲೂ ಹೇಳುತ್ತಿದ್ದರು. ಅಮೆರಿಕದ ಆರ್ಚಿ ಕಾರ್ ಎಂಬುವರು ಕೋಸ್ಟರಿಕಾದ ದಂಡೆಯಲ್ಲಿ ಆಮೆಗಳಿಗೆ ಲೋಹದ ಬಿಲ್ಲೆ ಕಟ್ಟಿ ದಶಕಗಟ್ಟಲೆ ಇದರ ಬೆನ್ನು ಹತ್ತಿದರು. ಬ್ರೆಜಿಲ್ ಕರಾವಳಿಯಲ್ಲಿ ಮೇಯುವ ಹಸಿರಾಮೆಗಳು ಎರಡು ಸಾವಿರ ಕಿಲೊಮೀಟರಿಗೂ ಹೆಚ್ಚು ಈಜಿ, ಅಟ್ಲಾಂಟಿಕ್ ಸಾಗರದ ನಡುವೆ ಚುಕ್ಕೆಯಷ್ಟಿರುವ ಅಸೆನ್ಷನ್ ದ್ವೀಪಕ್ಕೆ ಹೋಗಿ ಮೊಟ್ಟೆಯಿಡುತ್ತವೆ. ಆ ದ್ವೀಪದ ವಿಸ್ತೀರ್ಣ ಬರೀ 88 ಚದರ ಕಿಲೊಮೀಟರ್. ನಮ್ಮ ಹನೂರು ತಾಲ್ಲೂಕಿನ ಒಂದು ಮೂಲೆಯಷ್ಟೂ ಇಲ್ಲದ ನೆಲವನ್ನು ಗುರುತು ಕಂಬವಿಲ್ಲದ ನೀರಿನಲ್ಲಿ ಹುಡುಕಿಕೊಂಡು ಹೋಗುತ್ತವೆ ಎಂದರೆ ಅವುಗಳ ತಲೆಯಲ್ಲಿ ಏನೋ ಇರಲೇಬೇಕು. ಭೂಮಿಯ ಕಾಂತಶಕ್ತಿಯನ್ನು ಅವು ಗ್ರಹಿಸುತ್ತವೆ ಎಂದು ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದ ಕೆನೆತ್ ಲೋಮನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಕರಾವಳಿಯ ಒಂದೊಂದು ಭಾಗದಲ್ಲೂ ಕಾಂತದ ಬಲ, ಬಾಗು ಬೇರೆ. ಮರಿ ನೀರಿಗಿಳಿಯುವಾಗ ಆ ಗುರುತು ಅದರಲ್ಲಿ ಅಚ್ಚಾಗುತ್ತದೆ ಎಂಬುದು ಅವರ ವಾದ. ಭೂಮಿಯ ಕಾಂತಕ್ಷೇತ್ರ ನಿಂತಲ್ಲಿ ನಿಲ್ಲುವಂಥದ್ದಲ್ಲ, ವರ್ಷ ವರ್ಷ ಅಷ್ಟಿಷ್ಟು ಸರಿಯುತ್ತದೆ. ಫ್ಲೋರಿಡಾದ ಹತ್ತೊಂಬತ್ತು ವರ್ಷಗಳ ಗೂಡಿನ ಲೆಕ್ಕವನ್ನು ಇದರ ಜೊತೆಗಿಟ್ಟು ನೋಡಿ 2015ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಕಾಂತದ ಗುರುತುಗಳು ಒತ್ತೊತ್ತಾದ ಕಡೆ ಗೂಡುಗಳೂ ಒತ್ತಾಗಿದ್ದವು. ದೂರವಾದ ಕಡೆ ಗೂಡುಗಳೂ ಚದುರಿದ್ದವು.

ಇಷ್ಟು ಕೇಳಿ, ಆಮೆಗೆ ತವರಿನ ಹಟ ಎಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. 2021ರ ಮಾರ್ಚಿಯಲ್ಲಿ ಒಡಿಶಾದಲ್ಲಿ ಮೊಟ್ಟೆಯಿಟ್ಟು ಹೋಗುತ್ತಿದ್ದ ಒಂದು ರಿಡ್ಲಿಗೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದವರು ಬಿಲ್ಲೆ ಹಾಕಿ ಬಿಟ್ಟಿದ್ದರು. ಅದೇ ಆಮೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದ ದಂಡೆ ಹತ್ತಿ ಮೊಟ್ಟೆಯಿಟ್ಟಿತು. ಮೂಡಣ ಕಡಲಿಂದ ದಕ್ಷಿಣದ ತುದಿ ಸುತ್ತಿ ಪಡುವಣ ಕಡಲಿಗೆ, ಸುಮಾರು ಮೂರೂವರೆ ಸಾವಿರ ಕಿಲೊಮೀಟರಿನ ದಾರಿ. ನಮ್ಮ ಹೊನ್ನಾವರ, ಕುಂದಾಪುರದ ಮುಂದೆಯೇ ಹಾದು ಹೋಗಿದ್ದೀತು. ರಿಡ್ಲಿಗಳು ಈ ವಿಷಯದಲ್ಲಿ ಹಸಿರಾಮೆಯಷ್ಟು ಕಟ್ಟುನಿಟ್ಟಲ್ಲ, ಮರಳು ಜಾಗ ಬದಲಿಸಿದರೆ ತಾವೂ ಬದಲಿಸುತ್ತವೆ.

ಇನ್ನು ಎರಡನೆಯದು, ಆ ಸೀಮೆಯಲ್ಲಿ ಯಾವ ದಂಡೆ. ನನಗೆ ಅತ್ಯಂತ ಸ್ವಾರಸ್ಯ ಅನ್ನಿಸಿದ್ದು ಈ ಭಾಗ. ಒಡಿಶಾದಲ್ಲಿ ರಿಡ್ಲಿಗಳು ಲಕ್ಷಗಟ್ಟಲೆ ಒಟ್ಟಿಗೆ ದಡ ಹತ್ತುವ ಜಾಗ ಮೂರು. ಗಹೀರಮಥಾ 1974ರಲ್ಲಿ, ದೇವಿ 1981ರಲ್ಲಿ, ಋಷಿಕುಲ್ಯಾ 1994ರಲ್ಲಿ ವಿಜ್ಞಾನಿಗಳ ಗಮನಕ್ಕೆ ಬಂದವು. ಮೂರೂ ನದಿ ಕಡಲಿಗೆ ಸೇರುವ ಅಳಿವೆಯ ಪಕ್ಕ. ಈಗ ನಮ್ಮ ಕರಾವಳಿಗೆ ಬನ್ನಿ. ಹೊನ್ನಾವರದ ಕಾಸರಕೋಡು ಟೊಂಕ ಇರುವುದು ಶರಾವತಿಯ ಅಳಿವೆಯಲ್ಲಿ. ಕುಂದಾಪುರದ ಕೋಡಿ ಗಂಗೊಳ್ಳಿ ಅಳಿವೆಗೆ ತಾಗಿದ್ದು. ಮಂಗಳೂರಿನ ಬೆಂಗ್ರೆ ನೇತ್ರಾವತಿ, ಗುರುಪುರ ಹೊಳೆಗಳ ಅಳಿವೆ. 2024ರ ಆರಂಭದಲ್ಲಿ ಆಮೆ ಮೊಟ್ಟೆಯಿಟ್ಟ ಸುದ್ದಿ ಬಂದ ಸಸಿಹಿತ್ಲು ಶಾಂಭವಿ, ನಂದಿನಿ ಹೊಳೆಗಳು ಕೂಡಿ ಕಡಲು ಸೇರುವ ಜಾಗ. ನಕ್ಷೆ ಬಿಡಿಸಿ ಬೆರಳಿಟ್ಟುಕೊಂಡು ಹೋದರೆ ಆಮೆ ಹೊಳೆಯ ಬಾಯನ್ನೇ ಹುಡುಕಿಕೊಂಡು ಬಂದ ಹಾಗೆ ಕಾಣುತ್ತದೆ. ಹೊಳೆಯ ಬಾಯಲ್ಲಿ ಮರಳ ದಿಣ್ಣೆ ಏಳುತ್ತದೆ. ಅದು ಅಗಲ, ಬೋಳು, ಬಂಡೆಯಿಲ್ಲದ್ದು. ಸಣ್ಣ ಇಳಿಜಾರಿನ ಅಂಥ ದಂಡೆ ಈ ಜಾತಿಗೆ ಒಗ್ಗುತ್ತದೆ. ಬೇರೆ ಜಾತಿಯವಕ್ಕೆ ಬೇರೆ ರುಚಿ. ಎಲ್ಲಕ್ಕಿಂತ ದೊಡ್ಡದಾದ ತೊಗಲುಬೆನ್ನಿನ ಆಮೆಗೆ ದಡದ ಬುಡದಲ್ಲೇ ನೀರು ಆಳವಿರಬೇಕು, ಅದಕ್ಕೆ ಗ್ರೇಟ್ ನಿಕೋಬಾರಿನ ಗಲಾಥಿಯಾದಂಥ ದಂಡೆ ಬೇಕು. ಹಾಕ್ಸ್‌ಬಿಲ್ ಎಂಬುದು ಗಿಡಗಂಟಿಯ ಬುಡಕ್ಕೆ ನುಗ್ಗಿ ಮೊಟ್ಟೆಯಿಡುತ್ತದೆ.

ಕಾಲವೂ ಆಯ್ಕೆಯ ಒಂದು ಭಾಗ. ಮುಂಗಾರಿನ ಅಬ್ಬರದಲ್ಲಿ ನಮ್ಮ ಪಡುವಣ ದಂಡೆಯ ಮರಳನ್ನು ಕಡಲು ಎಳೆದೊಯ್ಯುತ್ತದೆ, ಮಳೆ ನಿಂತ ಮೇಲೆ ತಿರುಗಿ ತಂದು ಹಾಸುತ್ತದೆ. ರಿಡ್ಲಿ ಬರುವುದು ಆ ಹೊಸ ಹಾಸು ಬಿದ್ದ ಮೇಲೆ, ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚಿಯವರೆಗೆ. ಮೊಟ್ಟೆ ಒಡೆಯಲು ನಲವತ್ತೈದರಿಂದ ಅರವತ್ತು ದಿನ ಬೇಕು. ಮುಂದಿನ ಮಳೆಗೆ ಮೊದಲೇ ಮರಿಗಳು ನೀರು ಸೇರಿರುತ್ತವೆ. ಲಕ್ಷದ್ವೀಪದ ಹಸಿರಾಮೆಯ ಪಂಚಾಂಗ ಬೇರೆ, ಅದು ಮಳೆಗಾಲದಲ್ಲೇ ಇಡುತ್ತದೆ. ಅದನ್ನು ನೋಡಲೆಂದೇ ಸತೀಶ್ ಭಾಸ್ಕರ್ ಎಂಬ ಮಹಾರಾಯ 1982ರ ಮುಂಗಾರನ್ನು ಜನವಸತಿಯಿಲ್ಲದ ಸುಹೇಲಿ ದ್ವೀಪದಲ್ಲಿ ಒಬ್ಬನೇ ಕಳೆದ. ಮಳೆಗಾಲದಲ್ಲಿ ಆ ಕಡೆಗೆ ದೋಣಿ ಹೋಗುವುದಿಲ್ಲ. ಒಮ್ಮೆ ಬಿಟ್ಟು ಬಂದರೆ ಮಳೆ ಮುಗಿಯುವವರೆಗೂ ಕರೆದು ತರುವವರಿಲ್ಲ. ಹೆಂಡತಿಗೆ ಕಾಗದ ಬರೆದು ಶೀಷೆಯಲ್ಲಿ ಹಾಕಿ ಕಡಲಿಗೆ ಎಸೆದ. ಅದು ಶ್ರೀಲಂಕಾದ ಮೀನುಗಾರನೊಬ್ಬನ ಕೈಗೆ ಸಿಕ್ಕಿ, ಆತ ಅಂಚೆಗೆ ಹಾಕಿ, ಕಾಗದ ಮನೆ ಮುಟ್ಟಿತು. ಎಪ್ಪತ್ತರ ದಶಕದ ಕೊನೆಯಿಂದ ನಮ್ಮ ದೇಶದ ಆಮೆ ದಂಡೆಗಳನ್ನು ನಡೆದೇ ಅಳೆದವರು ಇವರು. 2023ರಲ್ಲಿ ತೀರಿಕೊಂಡರು. ಆಮೆಯ ಬಗ್ಗೆ ನಾವು ಇವತ್ತು ಸಲೀಸಾಗಿ ಹೇಳುವ ಎಷ್ಟೋ ಸಂಗತಿಯ ಹಿಂದೆ ಇವರ ಕಾಲುನೋವಿದೆ.

ಮೂರನೆಯದು, ದಂಡೆಯ ಮೇಲೆ ಯಾವ ಜಾಗ. ನಮ್ಮ ರೈತ ಕಣಕ್ಕೆ ಜಾಗ ನೋಡುವುದಿಲ್ಲವೆ, ನೀರು ನಿಲ್ಲಬಾರದು, ಹಾಗೆಂದು ಹೊಲಕ್ಕೆ ತೀರಾ ದೂರವೂ ಆಗಬಾರದು ಎಂದು? ಆಮೆಯ ಲೆಕ್ಕವೂ ಅದೇ. ನೀರಿಗೆ ಹತ್ತಿರ ತೋಡಿದರೆ ಉಬ್ಬರದಲ್ಲಿ ಗೂಡು ಮುಳುಗುತ್ತದೆ. ಬಲು ಮೇಲಕ್ಕೆ ಹೋದರೆ ಮರಿ ನೀರು ಮುಟ್ಟುವ ಮೊದಲೇ ನಾಯಿ, ನರಿ, ಏಡಿ, ಕಾಗೆಯ ಪಾಲಾಗುತ್ತದೆ. ಮರಳು ತೀರಾ ದಪ್ಪವಾದರೆ ಗುಳಿ ಕುಸಿಯುತ್ತದೆ, ತೀರಾ ನುಣುಪಾದರೆ ಗಾಳಿಯಾಡುವುದಿಲ್ಲ. ಒಣಗಿದ್ದರೆ ತೋಡಲು ಬಾರದು, ಒದ್ದೆಯಾದರೆ ಮೊಟ್ಟೆ ಕೊಳೆಯುತ್ತದೆ. ಇಷ್ಟರಲ್ಲಿ ಆಮೆ ನಿಜಕ್ಕೂ ಯಾವುದನ್ನು ನೋಡುತ್ತದೆ? ಫ್ಲೋರಿಡಾದ ದಂಡೆಯೊಂದರಲ್ಲಿ ಆಮೆ ಹತ್ತಿ ಬಂದ ದಾರಿಯುದ್ದಕ್ಕೂ ಕಾವು, ತೇವ, ಉಪ್ಪು, ಇಳಿಜಾರು ನಾಲ್ಕನ್ನೂ ಅಳೆದು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನಾಲ್ಕರಲ್ಲಿ ಹೆಚ್ಚು ತೂಕ ಬಂದದ್ದು ಇಳಿಜಾರಿಗೆ. ದಡ ಏರುತ್ತಾ ಹೋಗುವುದು ಮೈಗೆ ತಿಳಿಯುತ್ತದೆ. ಎತ್ತರಕ್ಕೆ ಬಂದೆ, ಇಲ್ಲಿಗೆ ನೀರು ಬರಲಾರದು ಎಂಬುದಕ್ಕೆ ಅದೇ ಸಾಕ್ಷಿ. ಕೆಲವು ಆಮೆಗಳು ನಡುನಡುವೆ ನಿಂತು ಮೂತಿಯನ್ನು ಮರಳಿಗೆ ಒತ್ತುವುದನ್ನೂ ನೋಡಿದವರಿದ್ದಾರೆ.

ಜಾಗ ಒಪ್ಪಿತು ಅನ್ನಿ. ಹಿಂಗಾಲುಗಳಿಂದ ಒಂದೊಂದೇ ಬೊಗಸೆ ಮರಳೆತ್ತಿ ಒಂದೂವರೆ ಅಡಿಯ ಗುಳಿ ತೋಡುತ್ತದೆ. ಬಾಯಿ ಕಿರಿದು, ಹೊಟ್ಟೆ ಅಗಲ. ಬೆನ್ನ ಹಿಂದೆ ನಡೆಯುವ ಈ ಕೆಲಸವನ್ನು ಅದು ಕಣ್ಣಿಂದ ನೋಡಿದ್ದೇ ಇಲ್ಲ. ಮೊಟ್ಟೆಯಿಟ್ಟು ಮರಳು ಮುಚ್ಚಿ, ರಿಡ್ಲಿಯಾದರೆ ಮೈಯನ್ನು ಎಡಕ್ಕೂ ಬಲಕ್ಕೂ ಕುಕ್ಕುತ್ತಾ ಮರಳನ್ನು ದಮ್ಮಸ್ಸು ಮಾಡಿ ಹೋಗುತ್ತದೆ. ಆಗ ಕಣ್ಣಿಂದ ನೀರು ಸುರಿಯುತ್ತಿರುತ್ತದೆ. ಹೆರಿಗೆ ನೋವಿನ ಅಳು ಎಂದು ನೋಡಿದವರು ಮರುಗುತ್ತಾರೆ. ಮೈಯಲ್ಲಿ ಹೆಚ್ಚಾದ ಉಪ್ಪನ್ನು ಅದು ಕಣ್ಣಿನ ಪಕ್ಕದ ಗ್ರಂಥಿಯಿಂದ ಸದಾ ಹೊರಹಾಕುತ್ತಲೇ ಇರುತ್ತದೆ, ನೀರಲ್ಲಿದ್ದಾಗ ನಮಗೆ ಕಾಣುವುದಿಲ್ಲ, ಅಷ್ಟೆ.

ಜಾಗ ಒಪ್ಪದಿದ್ದರೆ? ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ನೀರಿಗೆ ಹೋಗುತ್ತದೆ. ಓಡಾಡುವ ಜನ, ಟಾರ್ಚು, ನಾಯಿ, ದಡದ ಹೋಟೆಲಿನ ದೀಪ, ಯಾವುದೊಂದಾದರೂ ಸಾಕು ವಾಪಸು ಹೋಗಲು. ಕಡಲ್ಕೊರೆತಕ್ಕೆಂದು ಉಳ್ಳಾಲದಂಥ ಕಡೆ ಸುರಿದ ಬಂಡೆಗಳ ಸಾಲನ್ನು ಆಮೆ ಹತ್ತಲಾರದು. ಗಾಳಿಮರದ ತೋಪು ದಂಡೆಯ ಅಂಚಿನವರೆಗೂ ಬಂದಲ್ಲಿ ಬೇರು ಗುಳಿಗೆ ಅಡ್ಡ. ದೀಪದ ಕಾಟ ಮರಿಗೂ ತಪ್ಪಿದ್ದಲ್ಲ. ರಾತ್ರಿ ಮೇಲೆದ್ದ ಮರಿ ಬೆಳಕಾಗಿರುವ ದಿಕ್ಕೇ ಕಡಲು ಎಂದು ನಂಬಿ ನಡೆಯುತ್ತದೆ. ಮನುಷ್ಯರ ಊರಿಗೆ ಕರೆಂಟು ಬರುವ ಮೊದಲು ಆ ನಂಬಿಕೆ ಸರಿಯಾಗಿಯೇ ಇತ್ತು.

ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ಮನವಿಗಳಲ್ಲಿ ಕಡಲಾಮೆಗೂ ಜಾಗ ಸಿಕ್ಕಿದೆ. ಮನೆಮಠ ಹೋಗುತ್ತದೆ ಎಂದರೆ ಕೇಳದವರು ಆಮೆಯ ಗೂಡು ಹೋಗುತ್ತದೆ ಎಂದರೆ ಸ್ವಲ್ಪ ಕಿವಿಗೊಡುತ್ತಾರೆ ಎಂಬ ಅನುಭವ ಅವರದಾಗಿರಬೇಕು. ಇದು ಆಮೆಗೆ ಸಂದ ಗೌರವವೋ ಮನುಷ್ಯರಿಗೆ ಆದ ಅವಮಾನವೋ, ನೀವೇ ಹೇಳಿ. ಏನೇ ಇರಲಿ, ಅಲ್ಲಿ ಗೂಡು ಕಂಡಾಗ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುವವರು, ಸುತ್ತ ಬಲೆ ಕಟ್ಟಿ ಕಾಯುವವರು ಹೆಚ್ಚಾಗಿ ಈ ಜನರೇ.

ಮರಳಿನ ಕಾವಿನ ವಿಚಾರ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆಯಿಟ್ಟಾಗ ತೀರ್ಮಾನವಾಗಿರುವುದಿಲ್ಲ. ಮರಳು ಸುಮಾರು 29 ಡಿಗ್ರಿ ಸೆಲ್ಸಿಯಸ್ ಇದ್ದರೆ ಅರ್ಧಕ್ಕರ್ಧ, ತಂಪಿದ್ದರೆ ಗಂಡು ಜಾಸ್ತಿ, ಬಿಸಿಯಾದರೆ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಬಡಗಣ ಭಾಗದಲ್ಲಿ ಹುಟ್ಟಿದ ಹಸಿರಾಮೆಗಳಲ್ಲಿ ಎಳೆಯವು ನೂರಕ್ಕೆ ತೊಂಬತ್ತೊಂಬತ್ತು ಹೆಣ್ಣೇ ಎಂದು 2018ರಲ್ಲಿ ವರದಿಯಾಯಿತು. ಭೂಮಿ ಕಾಯುತ್ತಿರುವುದಕ್ಕೆ ಇದಕ್ಕಿಂತ ದೊಡ್ಡ ಗುರುತು ಬೇಕಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಅಳಿವೆಯಲ್ಲಿ ಮರಳ ದಿಣ್ಣೆ ಎದ್ದಿತು ಅಂದೆ. ಆ ಮರಳನ್ನು ಅಲ್ಲಿಗೆ ತಂದವರು ಯಾರು? ಹೊಳೆ. ಹೊಳೆಗೆ ಕೊಟ್ಟದ್ದು? ಬೆಟ್ಟ. ನಮ್ಮ ಉಡುತೊರೆ ಹಳ್ಳ, ಪಾಲಾರ್ ಹಳ್ಳ ಎರಡೂ ಕಾವೇರಿಗೆ ಸೇರುತ್ತವೆ. ಮಹದೇಶ್ವರ ಬೆಟ್ಟದ ಕಲ್ಲು ಸವೆದು ಮರಳಾಗಿ, ಮಳೆಯಲ್ಲಿ ಹಳ್ಳಕ್ಕಿಳಿದು, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಕಾವೇರಿಯು ಸಾವಿರಾರು ವರ್ಷ ಹೀಗೆ ಹೊತ್ತೊಯ್ದು ಹಾಕಿದ ಮಣ್ಣು ಮರಳಿನಿಂದಲೇ ತಂಜಾವೂರು, ನಾಗಪಟ್ಟಣದ ಬಯಲು ಆದದ್ದು. ನಮ್ಮೂರಿನ ಎಷ್ಟೋ ಮನೆಯವರು ಹರಕೆ ಹೊತ್ತು ವೇಳಾಂಕಣಿ ಮಾತೆಯ ಹಬ್ಬಕ್ಕೆ ಹೋಗುತ್ತಾರಲ್ಲ, ಆ ಗುಡಿಯ ಮುಂದಿನ ಕಡಲ ದಂಡೆ ಈ ಬಯಲಿನ ಅಂಚು. ಅಲ್ಲಿಂದ ಕೋಡಿಯಕ್ಕರೆಯವರೆಗಿನ ನಾಗಪಟ್ಟಣ ಜಿಲ್ಲೆಯ ದಂಡೆಗೆ ವರ್ಷವರ್ಷ ರಿಡ್ಲಿ ಬರುತ್ತದೆ. ಹಬ್ಬ ಆಗುವುದು ಆಗಸ್ಟ್ ಕೊನೆಗೆ, ಸೆಪ್ಟೆಂಬರ್ ಮೊದಲಿಗೆ. ಆಮೆ ಬರುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಅದಕ್ಕೇ ನಮ್ಮವರಿಗೆ ಅದರ ದರ್ಶನ ಆಗುವುದಿಲ್ಲ.

ನಾನು ಆಗಲೇ ಅಂದ ಕಾರಣ ಇದೇ. ಆಮೆಯ ದಂಡೆಯ ಸಾಮಾನು ಹೋಗುವುದು ನಮ್ಮ ಕಡೆಯಿಂದ. ಹೋಗುತ್ತಿತ್ತು ಅನ್ನಬೇಕೇನೋ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯಿತು. ಪಾಲಾರ್ ಸೇತುವೆಯ ಹತ್ತಿರ ನಿಂತರೆ ಕಾಣುವುದು ಅದರ ಹಿನ್ನೀರು. ನೀರು ತೂಬಿನಿಂದ ಇಳಿದು ಮುಂದೆ ಹೋಗುತ್ತದೆ, ಮರಳು ತಳದಲ್ಲೇ ಕೂರುತ್ತದೆ. ಅಣೆಕಟ್ಟಿನ ಕೆಳಗೆ ಉಳಿದದ್ದನ್ನು ಲಾರಿಗಳು ಹೊತ್ತುಕೊಂಡು ಹೋಗುತ್ತವೆ, ಈ ಕೆಲಸದಲ್ಲಿ ಎರಡು ರಾಜ್ಯಗಳ ನಡುವೆ ಯಾವ ತಕರಾರೂ ಇಲ್ಲ. ಬಿಳಿಗುಂಡ್ಲುವಿನಲ್ಲಿ ಎಷ್ಟು ನೀರು ಹರಿಯಿತು ಎಂದು ಪೇಪರಿನಲ್ಲಿ ಓದುತ್ತೇವೆ. 2018ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ವರ್ಷಕ್ಕೆ 177.25 ಟಿಎಂಸಿ ಎಂಬ ಅಂಕಿ ನಮ್ಮ ಮಕ್ಕಳಿಗೂ ಬಾಯಿಪಾಠ. ಮೇಕೆದಾಟಿನಲ್ಲಿ ಇನ್ನೊಂದು ಅಣೆ ಕಟ್ಟುವ ಮಾತು ನಡೆದಿದೆ, ಅಲ್ಲೂ ಟಿಎಂಸಿಯದೇ ಜಗಳ. ಮರಳು ಎಷ್ಟು ಬಂತು, ಎಷ್ಟು ನಿಂತಿತು ಎಂದು ಯಾವ ಮುಖಂಡನೂ ಭಾಷಣ ಮಾಡಿದ್ದನ್ನು ನಾನಂತೂ ಕೇಳಿಲ್ಲ.

ನಾಗಪಟ್ಟಣದವರೆಗೆ ಹೋಗುವುದೂ ಬೇಡ. ನಮ್ಮ ಕಾವೇರಿ ವನ್ಯಜೀವಿಧಾಮದ ಹೊಳೆಯಲ್ಲೇ ಮರಳ ದಿಣ್ಣೆ ನಂಬಿದ ಜೀವಗಳಿವೆ. ಮೊಸಳೆ ಫೆಬ್ರವರಿಯಿಂದ ಏಪ್ರಿಲಿನ ನಡುವೆ, ಹೊಳೆ ಇಳಿದು ದಿಣ್ಣೆ ಬರಿದಾದಾಗ, ದಡದಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಎರಡು ತಿಂಗಳಲ್ಲಿ ಮರಿ, ಮುಂಗಾರಿನ ಕೆಂಪು ನೀರು ಬರುವ ಹೊತ್ತಿಗೆ ಸರಿಯಾಗಿ. ಅದರ ಮರಿಯ ಗಂಡು ಹೆಣ್ಣೂ ಕಾವಿನ ಮೇಲೆ. ಆದರೆ ಅಲ್ಲಿ ಲೆಕ್ಕ ತಿರುವುಮುರುವು, ತಂಪಿನಲ್ಲಿ ಹೆಣ್ಣು, 32 ಡಿಗ್ರಿ ದಾಟುವ ಹೊತ್ತಿಗೆ ಗಂಡು ಎಂದು ಮದ್ರಾಸಿನ ಮೊಸಳೆ ಬ್ಯಾಂಕಿನಲ್ಲಿ ನಡೆದ ಕೆಲಸದಿಂದ ತಿಳಿಯಿತು. ಅದೇ ಹೊಳೆಯಲ್ಲಿ ಲೀತ್ ಮೆದುಚಿಪ್ಪಿನ ಆಮೆ ಇದೆ, ಚಿಪ್ಪಿನ ಮೇಲೆ ತೊಗಲು ಹೊದ್ದದ್ದು, ಮೂತಿ ಕೊಳವೆಯಂತೆ ಚೂಪು. ಆ ಕುಟುಂಬದ ಆಮೆಗಳಲ್ಲಿ ಗಂಡು ಹೆಣ್ಣು ಕಾವಿಗೆ ಕಾಯದೆ ಹುಟ್ಟಿನಿಂದಲೇ ತೀರ್ಮಾನ. ಆ ಒಂದು ಚಿಂತೆ ಅದಕ್ಕಿಲ್ಲ, ಮಿಕ್ಕ ಚಿಂತೆ ಎಲ್ಲ ಇದೆ. ಮಾಂಸಕ್ಕಾಗಿ ಹಿಡಿದೂ ಹಿಡಿದೂ ಅದು ಅಳಿವಿನಂಚಿಗೆ ಬಂದಿದೆ. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ನಡೆದ ವನ್ಯಜೀವಿ ವ್ಯಾಪಾರದ ಜಾಗತಿಕ ಸಮಾವೇಶವು ಅದನ್ನು ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಿತು. ಅದೇ ತಿಂಗಳು ತಮಿಳುನಾಡು ಸರ್ಕಾರ ಹೊಳೆಯಾಚೆ ತನ್ನ ಪಾಲಿನ ಕಾಡನ್ನು ದಕ್ಷಿಣ ಕಾವೇರಿ ವನ್ಯಜೀವಿಧಾಮ ಎಂದು ಘೋಷಿಸುವಾಗ ಈ ಆಮೆಯ ಹೆಸರನ್ನೂ ಹೇಳಿತು.

ಹೊಳೆಯ ಆಮೆ ಜಾಗ ಆರಿಸಿದ್ದು ಸರಿಯಿದ್ದೂ ಗೂಡು ಹಾಳಾಗುವ ಬಗೆಯನ್ನು ಕಾಸರಗೋಡಿನಲ್ಲಿ ನೋಡಬಹುದು. ಕೊಡಗಿನಲ್ಲಿ ಹುಟ್ಟಿ ಸುಳ್ಯದಲ್ಲಿ ಪಯಸ್ವಿನಿಯಾಗಿ ಹರಿದು ಅಲ್ಲಿ ಚಂದ್ರಗಿರಿ ಎನಿಸುವ ಹೊಳೆಯಲ್ಲಿ, ನೂರು ಕಿಲೊ ತೂಗಬಲ್ಲ ಇನ್ನೊಂದು ಜಾತಿಯ ದೈತ್ಯ ಮೆದುಚಿಪ್ಪಿನ ಆಮೆ ಇದೆ. ಹೊಳೆಯಂಚಿನ ಜನರ ಮಾತು ಕೇಳಿಕೊಂಡು ಆಯುಷಿ ಜೈನ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಅದು ಅಲ್ಲಿ ಮೊಟ್ಟೆಯಿಡುವುದನ್ನು ಕಂಡು ದಾಖಲಿಸಿದರು. ಅದು ಪ್ರಕಟವಾದದ್ದು 2024ರಲ್ಲಿ. ನೀರು ನುಗ್ಗಿ ಮುಳುಗಿದ ಗೂಡುಗಳಿಂದ ಮೊಟ್ಟೆ ಎತ್ತಿ ಮರಿ ಮಾಡಿ ಹೊಳೆಗೆ ಬಿಟ್ಟರು. ಆಮೆ ನೋಡಿದಾಗ ಇದ್ದ ನೀರಿನ ಮಟ್ಟ ಬೇರೆ, ಆಮೇಲೆ ಬಂದ ನೀರಿನ ಮಟ್ಟ ಬೇರೆ. ಅಣೆಕಟ್ಟಿನ ಗೇಟು ಯಾವಾಗ ಏಳುತ್ತದೆಂದು ಯಾವ ಆಮೆಗೂ, ಯಾವ ಮೊಸಳೆಗೂ ತಿಳಿಯುವ ಉಪಾಯವಿಲ್ಲ.

ಕೊನೆಗೆ ನಮ್ಮ ಸೀಮೆಯವರಿಗೆ ನಾಲ್ಕು ಮಾತು. ಬೇಸಗೆಯಲ್ಲಿ ಹೊಳೆಗೆ ಹೋಗುವವರು ಮರಳ ದಿಣ್ಣೆಯ ಮೇಲೆ ಒಲೆ ಹೂಡಬೇಡಿ, ಬೈಕು ಓಡಿಸಬೇಡಿ. ಗಾಳಕ್ಕೋ ಬಲೆಗೋ ಆಮೆ ಸಿಕ್ಕಿದರೆ ಬಿಡಿಸಿ ನೀರಿಗೆ ಬಿಡಿ, ಮಾರಬೇಡಿ, ತೋಟಾ ಹಾಕಿ ಮೀನು ಹಿಡಿಯುವವರ ಜೊತೆ ಹೋಗಬೇಡಿ. ಮೊಟ್ಟೆ ಕಂಡರೆ ಕುತೂಹಲಕ್ಕೂ ಅಲುಗಿಸಬೇಡಿ. ಮೊಟ್ಟೆಯಿಟ್ಟು ಕೆಲವು ಗಂಟೆ ಕಳೆದ ಮೇಲೆ ಮಗುಚಿದರೆ ಒಳಗಿನ ಜೀವ ಉಳಿಯುವುದು ಕಷ್ಟ. ಹತ್ತಿರದ ಅರಣ್ಯ ಕಚೇರಿಗೆ ಒಂದು ಮಾತು ತಿಳಿಸಿ. ಮನೆ ಕಟ್ಟಿಸುತ್ತಿದ್ದರೆ, ರಾತ್ರಿ ಹೊತ್ತು ಬರುವ ಲಾರಿಯ ಹೊಳೆ ಮರಳನ್ನು ಬೇಡ ಅನ್ನಿ, ಎಂ-ಸ್ಯಾಂಡಿನಲ್ಲೂ ಗೋಡೆ ಏಳುತ್ತದೆ.